ಹಿಂದೆ ಯಾವ ಕೆಲಸವೂ ಆಗಿಲ್ಲ

ಸುಳ್ಳು ಹೇಳಬೇಕೆಂದು ಅವನು ಮನೆಯಿಂದ ಹೊರಟಿರಲಿಲ್ಲ. ಆದರೆ ಚರ್ಮದ ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿಕೊಂಡೇ, ಮುಖಕ್ಕೆ ಈ ಮೊದಲು ಏನಾದರೂ ಹಚ್ಚುತ್ತಿದ್ದಿರಾ, ಕ್ರೀಮು, ಮುಲಾಮು, ಯಾರೋ ಹೇಳಿದರು ಅಂತ ತಂದದ್ದು, ಎಂದು ಕೇಳಿದಾಗ "ಇಲ್ಲ, ಹಿಂದೆ ಯಾವ ಕೆಲಸವೂ ಆಗಿಲ್ಲ" ಎಂಬ ಮಾತು ಬಾಯಿಂದ ತಾನಾಗಿಯೇ ಉದುರಿತು. ರಸ್ತೆ ಇಲಾಖೆಯಲ್ಲಿ ಇಂಜಿನಿಯರಾಗಿ ಅರ್ಧ ಆಯುಷ್ಯ ಸವೆಸಿದವನಿಗೆ ಅದು ಉಸಿರಾಡಿದಷ್ಟೇ ಸಲೀಸು. ಯಾವ ರಸ್ತೆಗೆ ಹೊಸ ಡಾಂಬರು ಕೇಳಿದರೂ ಮೇಲಿನ ಸಾಹೇಬರ ಮೊದಲ ಪ್ರಶ್ನೆ ಅದೇ: ಇದಕ್ಕೆ ಇತ್ತೀಚೆಗೆ ಏನಾದರೂ ಮಾಡಿದ್ದೀರೇನ್ರೀ? ಹೌದು ಸಾರ್, ಹೋದ ವರ್ಷ ತೇಪೆ ಹಾಕಿದ್ದೆವು ಎಂದು ಬಾಯಿಬಿಟ್ಟರೆ ಮುಗಿಯಿತು ಕಥೆ. ಹಾಕಿದ ತೇಪೆ ಎಲ್ಲಿ ಹೋಯಿತು, ಹಾಕಿದವರು ಯಾರು, ನಿಂತು ನೋಡಿಕೊಂಡವರು ಯಾರು ಎಂದು ಎಲ್ಲವೂ ಬುಡಕ್ಕೇ ಬರುತ್ತದೆ. ಇಲ್ಲ ಎಂದರೆ ಕೆಲಸ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಅವನ ಬಾಯಲ್ಲಿ ಊರಿನ ಯಾವ ರಸ್ತೆಗೂ ಹಿಂದೆ ಯಾವ ಕೆಲಸವೂ ಆಗಿರಲಿಲ್ಲ. ಭೂಮಿ ಹುಟ್ಟಿದಾಗಿನಿಂದ ಎಲ್ಲವೂ ಹಾಗೇ ಬಿದ್ದುಕೊಂಡಿದ್ದವು. ಇವತ್ತು ಅವುಗಳ ಜೊತೆಗೆ ಅವನ ಮುಖವೂ ಸೇರಿಕೊಂಡಿತು.

ಒಂದು ಸುಳ್ಳಿಗೆ ಜಾಗ ಸಿಕ್ಕ ಮೇಲೆ ಉಳಿದವು ಒತ್ತರಿಸಿಕೊಂಡು ಬಂದು ಕೂತವು. ಬಿಸಿಲಲ್ಲಿ ಓಡಾಡುವ ಕೆಲಸವೇ ಎಂದರೆ, ಅಲ್ಲ, ಕುರ್ಚಿ ಕೆಲಸ ಎಂದ. ಹಿಂದಿನ ದಿನವಷ್ಟೇ ನಡುಮಧ್ಯಾಹ್ನ ರೋಲರಿನ ಹಿಂದೆ ನಡೆದೂ ನಡೆದೂ ಅಂಗಿಯ ಬೆನ್ನ ಮೇಲೆ ಉಪ್ಪಿನ ನಕ್ಷೆ ಬರೆಸಿಕೊಂಡು ಮನೆಗೆ ಬಂದಿದ್ದ ಮನುಷ್ಯ. ಡಾಕ್ಟರು ಆಗ ಮೊದಲ ಸಲ ಕಂಪ್ಯೂಟರು ಬಿಟ್ಟು ಅವನ ಹಣೆಯನ್ನು ನೋಡಿದರು. ಹೆಲ್ಮೆಟ್ಟಿನ ಗೆರೆ ಅಲ್ಲಿ ಎದ್ದು ಕಾಣುತ್ತಿತ್ತು. ಗೆರೆಯ ಮೇಲೊಬ್ಬ, ಕೆಳಗೊಬ್ಬ, ಇಬ್ಬರಿಗೂ ಪರಿಚಯವೇ ಇಲ್ಲದಂತೆ ಇದ್ದರು. ಇದೇನು ಎರಡು ಬಣ್ಣ ಎಂದು ಕೇಳಿದರೆ, "ನಮ್ಮ ಮನೆತನದಲ್ಲೇ ಹಾಗೆ" ಎಂದ. ಹೇಳಿದ ಮೇಲೆ ತನ್ನ ಅಪ್ಪ, ಅಜ್ಜ ಎಲ್ಲರೂ ಹಣೆಯಲ್ಲಿ ಗೆರೆ ಎಳೆಸಿಕೊಂಡು ಸಾಲಾಗಿ ನಿಂತು ತನ್ನನ್ನೇ ದಿಟ್ಟಿಸಿದಂತಾಗಿ ಕಿವಿ ಬಿಸಿಯಾಯಿತು. ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತದೆಯೇ ಎಂದು ಕೇಳಿದ್ದಕ್ಕೆ ಮಾತ್ರ ಇಲ್ಲ ಎಂದು ನಿಜ ಹೇಳಿದ. ಆ ಒಂದು ನಿಜವೂ ಉಳಿದವುಗಳ ಧಾಟಿಯಲ್ಲೇ ಹೊರಬಂತು.

ಡಾಕ್ಟರು ಅವನ ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಅವರ ಮುಖ ಉದ್ಘಾಟನೆಗೆ ಮುಂಚಿನ ರಸ್ತೆಯಂತೆ ನುಣ್ಣಗಿತ್ತು. ಅವನ ಕೆನ್ನೆಯ ಹಳೆಯ ಮೊಡವೆ ಗುಳಿಗಳಿಗೆ ಲೇಸರ್ ಏನು ಮಾಡುತ್ತದೆ ಎಂದು ಅವರು ತಾಳ್ಮೆಯಿಂದಲೇ ಹೇಳಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಳ್ಳೆಯ ಚರ್ಮವನ್ನು ಮುಟ್ಟದೆ ಬಿಡುತ್ತದೆ, ಆ ಬಿಟ್ಟ ಚರ್ಮದಿಂದಲೇ ಗಾಯ ಬೇಗ ಮಾಗಿ ಹೊಸ ಚರ್ಮ ಬರುತ್ತದೆ. ಗುಂಡಿ ಮುಚ್ಚುವುದಕ್ಕೆ ಗುಂಡಿ ತೋಡುವುದೇ ಎಂದು ಮೊದಲು ಅವನಿಗೆ ಗಾಬರಿಯಾಯಿತು. ಆಮೇಲೆ ಅರ್ಧ ರಸ್ತೆ ಅಗೆದು ಅರ್ಧವನ್ನು ಓಡಾಟಕ್ಕೆ ಬಿಡುವ ತಮ್ಮ ಪದ್ಧತಿಯೇ ಇದು ಎಂದು ಹೊಳೆದು, ಯಂತ್ರದ ಮೇಲೆ ಗೌರವ ಹುಟ್ಟಿತು. ಹಾಗಾದರೆ ಪೂರ್ತಿ ಆಳಕ್ಕೆ ಹೋಗಿ ಒಂದೇ ಸಲಕ್ಕೆ ಮುಗಿಸಿಬಿಡಿ ಎಂದ. ಹಾಗಾಗುವುದಿಲ್ಲ, ತಿಂಗಳು ಒಂದೂವರೆ ತಿಂಗಳು ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ಬರಬೇಕು ಎಂದರು. ಮುಖ ಕೆಂಪಗಾಗಿ ಊದಿಕೊಳ್ಳುತ್ತದೆ, ಆಮೇಲೆ ಮರಳು ಕಾಗದದಂತೆ ಒರಟಾಗಿ ಸಿಪ್ಪೆ ಏಳುತ್ತದೆ, ಕೆರೆಯಬಾರದು, ಕೀಳಬಾರದು, ಬಿಸಿಲಿಗೆ ಮುಖ ಒಡ್ಡಲೇಬಾರದು, ನಮ್ಮಂಥ ಬಣ್ಣದವರಿಗೆ ಕಪ್ಪು ಕಲೆ ನಿಲ್ಲುವ ಭಯ ಹೆಚ್ಚು. ಇಷ್ಟೆಲ್ಲ ಆದ ಮೇಲೂ ಗುಳಿಗಳು ಪೂರ್ತಿ ಮುಚ್ಚುವುದಿಲ್ಲ, ಆಳ ಕಡಿಮೆಯಾಗಿ ಅಂಚು ನಯವಾಗುತ್ತದೆ, ಅಷ್ಟೇ. ಈ ಮಾತನ್ನು ಇದೇ ಧ್ವನಿಯಲ್ಲಿ, ಮೇಜಿನ ಆ ಕಡೆ ಕೂತು, ಅರ್ಜಿ ಹಿಡಿದು ಬಂದ ಎಷ್ಟು ಜನಕ್ಕೆ ತಾನು ಹೇಳಿಲ್ಲ ಎಂದು ಅವನಿಗೆ ಅನ್ನಿಸಿತು. ಆ ಅರ್ಜಿದಾರರಂತೆಯೇ ತಾನೂ ತಲೆಯಾಡಿಸಿದ, ಅವರಂತೆಯೇ ಏನನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ, ಇವತ್ತೇ ಆಗಬೇಕು ಎಂದು ಹಟ ಹಿಡಿದ. ಅವನು ಕೇಳಿದ್ದಕ್ಕೆಲ್ಲ ಇಲ್ಲ ಎಂದಿದ್ದರಿಂದ ಬೇಡ ಎನ್ನಲು ಡಾಕ್ಟರಿಗೆ ಕಾರಣವೂ ಉಳಿದಿರಲಿಲ್ಲ. ಕಡಿಮೆ ಶಕ್ತಿಯಲ್ಲಿ ಒಂದು ಸಲ ಮಾಡಿ ನೋಡೋಣ ಎಂದರು.

ನರ್ಸು ಅವನ ಮುಖಕ್ಕೆ ಮರಗಟ್ಟಿಸುವ ಕ್ರೀಮನ್ನು ಗೋಡೆಗೆ ಸುಣ್ಣ ಬಳಿದಷ್ಟು ಧಾರಾಳವಾಗಿ ಬಳಿದು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕಣ್ಣಿಗೂ ಮೂಗಿಗೂ ಬಾಯಿಗೂ ತೂತು ಬಿಟ್ಟಳು. ಮುಕ್ಕಾಲು ಗಂಟೆ ಹೀಗೇ ಇರಬೇಕು, ಒಳಗೆ ಜಾಗ ಇಲ್ಲ, ಹೊರಗೆ ಕಾಯುವ ಜಾಗದಲ್ಲಿ ಕೂತಿರಿ ಎಂದಳು. ಅಲ್ಲಿ ಟ್ಯೂಬ್‌ಲೈಟುಗಳು ಯಾರ ಮೇಲೋ ಸಿಟ್ಟಿದ್ದಂತೆ ಉರಿಯುತ್ತಿದ್ದವು. ಜೀವಮಾನವಿಡೀ ಟ್ಯೂಬ್‌ಲೈಟಿನ ನೇರ ಕೆಳಗೆ ಕೂರದ ಹಾಗೆ ನೋಡಿಕೊಂಡವನು ಅವನು. ಆಫೀಸಿನಲ್ಲೂ ಮೇಜನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಸಿಕೊಂಡಿದ್ದ, ಬಂದವರಿಗೆ ಬೆಳಕಿನಲ್ಲಿ ಮುಳುಗಿದ ಕಪ್ಪು ತಲೆಯೊಂದು ಮಾತ್ರ ಕಾಣಲೆಂದು. ಇಲ್ಲಿ ಮೂಲೆ ಎಂಬುದೇ ಇರಲಿಲ್ಲ. ಮುಖದ ಮೇಲಿನ ಕ್ರೀಮು ಮೊದಲು ತಣ್ಣಗಾಯಿತು, ಆಮೇಲೆ ಚುರುಗುಟ್ಟಿತು, ಆಮೇಲೆ ಕೆನ್ನೆ ನಿಧಾನವಾಗಿ ಅವನನ್ನು ಬಿಟ್ಟು ಹೊರಟಿತು. ತುಟಿಗೂ ತಾಗಿರಬೇಕು, ಕೆಳತುಟಿ ಬೇರೆ ಯಾರದೋ ಎಂಬಂತೆ ಜೋತುಬಿತ್ತು. ಜೊಲ್ಲು ಸುರಿಯುತ್ತಿದೆಯೋ ಇಲ್ಲವೋ ಗೊತ್ತಾಗದೆ ಆಗಾಗ ಕರವಸ್ತ್ರದಿಂದ ಒತ್ತಿಕೊಂಡು, ಒತ್ತಿಕೊಂಡ ಕರವಸ್ತ್ರವನ್ನು ತೆಗೆದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಎದುರಿನ ಟೀಪಾಯಿಯಿಂದ ಕೈಗೆ ಸಿಕ್ಕ ಪತ್ರಿಕೆ ತೆರೆದು ಮುಖಕ್ಕೆ ಅಡ್ಡ ಹಿಡಿದ. ಬಾಣಂತಿಯರ ಆರೈಕೆಯ ಬಗ್ಗೆ ಅದರಲ್ಲಿ ಬಹಳ ಇತ್ತು.

ಗುಂಡಿ ಸಾಹೇಬ್ರು ಎಂಬ ಹೆಸರು ಆಫೀಸಿನಲ್ಲಿ ಯಾವಾಗ ಬಿತ್ತೋ ಅವನಿಗೆ ಗೊತ್ತಿಲ್ಲ. ತನ್ನ ಕೆಲಸ ನೋಡಿ ಇಟ್ಟದ್ದೋ ಮುಖ ನೋಡಿ ಇಟ್ಟದ್ದೋ ಎಂದು ಎಷ್ಟೋ ದಿನ ತಲೆಕೆಡಿಸಿಕೊಂಡು, ಎರಡೂ ನಿಜವೇ ಆದ್ದರಿಂದ ಜಗಳ ತೆಗೆಯಲು ದಾರಿಯಿಲ್ಲದೆ ಸುಮ್ಮನಾಗಿದ್ದ. ಈ ಗುಳಿಗಳನ್ನು ತೋಡಿದ ಗುತ್ತಿಗೆದಾರನೂ ಅವನೇ. ಕಾಲೇಜಿನ ದಿನಗಳಲ್ಲಿ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಒಂದೊಂದು ಮೊಡವೆಯನ್ನೂ ಉಗುರಿನಿಂದ ಹಿಸುಕುತ್ತಿದ್ದ; ಹಿಸುಕಿದಾಗ ಒಂದು ಸಮಾಧಾನ, ಏನೋ ತೀರಿಸಿಕೊಂಡ ಹಾಗೆ. ಬೇಡ ಕಣೋ, ಕೈ ಹಚ್ಚಬೇಡ ಎಂದು ಅಮ್ಮ ಬಾಗಿಲು ಬಡಿಯುತ್ತಿದ್ದಳು. ಹಚ್ಚುತ್ತಿಲ್ಲ ಎಂದು ಒಳಗಿನಿಂದ ಹೇಳುತ್ತಿದ್ದ. ಅಂದರೆ ಸುಳ್ಳನ್ನು ಇಲಾಖೆ ಕಲಿಸಿತು ಎಂದು ಇಲಾಖೆಯ ಮೇಲೆ ಹಾಕುವುದೂ ಪೂರ್ತಿ ಸರಿಯಲ್ಲ. ಮದುವೆ ಮನೆಗಳಲ್ಲಿ ಎಲ್ಲರೂ ಸೇರಿ ಫೋಟೋಕ್ಕೆ ನಿಂತರೆ ಅವನು ದೊಡ್ಡಪ್ಪನ ಹಿಂದೆ ಸೇರಿಕೊಳ್ಳುತ್ತಿದ್ದ. ದೊಡ್ಡಪ್ಪ ಅಗಲದ ಆಳು, ಅವರ ಹಿಂದೆ ಇಬ್ಬರು ಮೂವರಿಗೆ ಆರಾಮವಾಗಿ ನೆರಳಿತ್ತು. ಅವರು ತೀರಿಕೊಂಡಾಗ ಅವನಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚೇ ದುಃಖವಾಗಿತ್ತು. ಅದು ನೆನಪಾಗಿ ಈಗ ಪ್ಲಾಸ್ಟಿಕ್ಕಿನ ಒಳಗೆ ನಗು ಬಂತು, ಆದರೆ ಕೆನ್ನೆ ಕೆಲಸಕ್ಕೆ ಬಾರದೆ ನಗು ಕಣ್ಣಿನ ಹತ್ತಿರವೇ ನಿಂತುಹೋಯಿತು.

ಇಷ್ಟೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಒಂದೆರಡು ತಿಂಗಳ ಹಿಂದೆ ಒಂದು ಸಂಜೆ ಅವನು ನೀರು ಕುಡಿಯಲು ಅಡುಗೆಮನೆಯ ಕಡೆ ಹೋಗದೆ ಇದ್ದಿದ್ದರೆ. ಒಳಗೆ ಮಗಳು ಅವಳಮ್ಮನನ್ನು ಕೇಳುತ್ತಿದ್ದಳು, ಅಮ್ಮಾ, ನನ್ನ ಮುಖಾನೂ ಅಪ್ಪನ ಥರ ಆಗ್ಬಿಡುತ್ತಾ ಎಂದು. ಹೆಂಡತಿ ತರಕಾರಿ ಹೆಚ್ಚುವುದನ್ನೂ ನಿಲ್ಲಿಸದೆ, ಇಲ್ಲ ಬಿಡೇ, ನೀನು ನನ್ನ ಕಡೆ ಹೋಗಿದೀಯ ಎಂದಳು. ಅದರಲ್ಲಿ ಯಾರದೂ ತಪ್ಪಿಲ್ಲ. ಮಗಳಿಗೆ ಕಾಲೇಜು ಸೇರಿದ್ದೇ ತಡ ಗಲ್ಲದ ಮೇಲೆ ಮೊಡವೆಗಳು ಎದ್ದಿದ್ದವು, ಅವಳಿಗೆ ಹೆದರಿಕೆ. ತಾಯಿ ಸಮಾಧಾನ ಹೇಳಿದ್ದಾಳೆ, ಅಷ್ಟೇ. ಆದರೂ ಅವನು ನೀರು ಕುಡಿಯದೆ ವಾಪಸ್ಸು ಬಂದು, ಟಿವಿಯ ಮುಂದೆ ಕೂತು, ಅದನ್ನು ಹಾಕುವುದನ್ನೂ ಮರೆತು ನೋಡುತ್ತಿದ್ದ. ಆವತ್ತಿನಿಂದ ಊಟದ ಮೇಜಿನಲ್ಲಿ ಮಗಳ ಎದುರಿನ ಕುರ್ಚಿ ಬಿಟ್ಟು ಫ್ರಿಜ್ಜಿಗೆ ಮುಖ ಮಾಡುವ ಕುರ್ಚಿಗೆ ಬದಲಾದ. ಯಾಕೆಂದು ಹೆಂಡತಿ ಕೇಳಿದ್ದಕ್ಕೆ ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದ. ಫ್ರಿಜ್ಜಿನಿಂದ ಬರುವ ಗಾಳಿ ಎಂಥದೆಂದು ಅವಳು ಕೇಳಲಿಲ್ಲ. ಮಗಳಿಗೆ ತನ್ನ ಮುಖ ಮುಂದೆ ಬರಲಿರುವ ಕೆಟ್ಟ ಸುದ್ದಿಯಂತೆ ಕಾಣುತ್ತಿದೆ, ದಿನಾ ಎರಡು ಹೊತ್ತು ತಟ್ಟೆಯ ಎದುರಿಗೆ ಆ ಸುದ್ದಿ ಬಂದು ಕೂರುವುದು ಬೇಡ ಎಂದು ಅವನ ಲೆಕ್ಕಾಚಾರ. ಈ ಮುಖ ಸರಿಹೋದರೆ, ಸರಿಹೋಗುತ್ತದೆ ಎಂಬುದನ್ನಾದರೂ ಅವಳು ನೋಡಿದ ಹಾಗಾಗುತ್ತದೆ. ಇಷ್ಟನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಮುಖ ಸುಡಿಸಿಕೊಳ್ಳುವುದೇ ಸುಲಭ ಎಂದು ಅವನಿಗೆ ತೋರಿತ್ತು.

ಆಗಲೇ ಭಾವಮೈದನ ಕ್ರೀಮು ಮನೆಗೆ ಬಂದದ್ದು. ಹೆಂಡತಿಯ ತಮ್ಮ ಔಷಧಿ ಅಂಗಡಿ ಇಟ್ಟುಕೊಂಡಿದ್ದ, ಗಿರಾಕಿಯ ಮುಖ ನೋಡಿಯೇ ಮದ್ದು ಹೇಳುವ ಧೈರ್ಯ ಅವನಿಗಿತ್ತು. ಭಾವ, ಇದು ಸಿನಿಮಾದವರು ಹಚ್ಚೋದು, ಹದಿನೈದು ದಿನದಲ್ಲಿ ಅಕ್ಕನಿಗೇ ಗುರುತು ಸಿಗಲ್ಲ ಎಂದು ತನ್ನ ಅಂಗಡಿಯ ಚೀಟಿ ಅಂಟಿದ್ದ ಒಂದು ಟ್ಯೂಬು ಜೇಬಿಗೆ ತುರುಕಿದ್ದ. ಹಚ್ಚಿದ ಎರಡು ಮೂರು ದಿನಕ್ಕೇ ಮುಖ ಒಂದು ಥರ ಹೊಳೆಯತೊಡಗಿತು; ಗುಳಿಗಳು ಇದ್ದಲ್ಲೇ ಇದ್ದವು, ಅವೂ ಹೊಳೆಯುತ್ತಿದ್ದವು, ಅಷ್ಟೇ ವ್ಯತ್ಯಾಸ. ಬಚ್ಚಲಿನಲ್ಲಿ ಶೇವಿಂಗ್ ಡಬ್ಬಿಯ ಹಿಂದೆ ಅದನ್ನು ಬಚ್ಚಿಟ್ಟಿದ್ದ. ಹಾಗಿದ್ದರೂ ಟ್ಯೂಬು ತಾನು ಹಿಸುಕಿದ್ದಕ್ಕಿಂತ ಜೋರಾಗಿ ಚಪ್ಪಟೆಯಾಗುತ್ತಿರುವುದು ಗಮನಕ್ಕೆ ಬಂದು, ಹೆಂಡತಿಯೂ ಗುಟ್ಟಾಗಿ ಹಚ್ಚಿಕೊಳ್ಳುತ್ತಿದ್ದಾಳೆ, ಪಾಪ, ಅವಳಿಗೂ ವಯಸ್ಸಾಯಿತಲ್ಲ ಎಂದು ಒಳಗೊಳಗೇ ಮರುಗಿದ್ದ. ಎರಡನೆಯ ಟ್ಯೂಬನ್ನೂ ಅಲ್ಲೇ ತಂದಿಟ್ಟಿದ್ದ. ಹೆಂಡತಿಯ ಮುಖದಲ್ಲಿ ಹೊಳಪು ಹುಡುಕಿ, ಇದೆ ಎಂದೇ ತೀರ್ಮಾನಿಸಿ, ಒಂದು ಬೆಳಿಗ್ಗೆ ಏನು ಇವತ್ತು ಚೆನ್ನಾಗಿ ಕಾಣ್ತಿದೀಯ ಎಂದೂ ಹೇಳಿದ್ದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಕೇಳದ ಮಾತನ್ನು ಕೇಳಿ ಅವಳು, ಹುಷಾರಿಲ್ಲವೇ ಎಂದು ಅವನ ಹಣೆ ಮುಟ್ಟಿ ನೋಡಿದ್ದಳು.

ಕ್ಲಿನಿಕ್ಕಿನ ಬಾಗಿಲು ತೆರೆದು ಮಗಳು ಒಳಗೆ ಬಂದಾಗ ಅವನು ಎಳೆಗೂಸಿಗೆ ಎಣ್ಣೆ ನೀವುವ ಪುಟದಲ್ಲಿದ್ದ. ಮೊದಲು ಯಾರದೋ ಮಗಳು ಎಂದುಕೊಂಡ. ಆಮೇಲೆ ಆ ಹಳದಿ ಬ್ಯಾಗು, ಆ ನಡಿಗೆ, ಕೌಂಟರಿನವಳ ಜೊತೆ ಮಾತಾಡುವಾಗ ಗಲ್ಲವನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುವ ರೀತಿ. ಈ ಹೊತ್ತಿಗೆ ಅವಳು ಟ್ಯೂಷನ್ನಿನಲ್ಲಿರಬೇಕು. ತಾನು ಈ ಹೊತ್ತಿಗೆ ಎಲ್ಲಿರಬೇಕು ಎಂಬುದು ನೆನಪಾಗಿ ಸಿಟ್ಟು ಅಲ್ಲೇ ಇಳಿಯಿತು. ಪತ್ರಿಕೆಯನ್ನು ಇನ್ನೂ ಮೇಲಕ್ಕೆ ಎತ್ತಿದ. ಬಿಳಿ ಕ್ರೀಮು, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮುಂದೆ ಬಾಣಂತಿ. ಹೆತ್ತ ತಾಯಿ ಬಂದರೂ ಗುರುತು ಹಿಡಿಯಲಾರಳು ಎಂದು ಧೈರ್ಯ ಹೇಳಿಕೊಂಡ. ಮಗಳು ಬಂದು ಒಂದು ಕುರ್ಚಿ ಬಿಟ್ಟು ಕೂತಳು, ಫೋನು ತೆಗೆದಳು, ಬೆರಳಿನಿಂದ ಏನನ್ನೋ ಮೇಲಕ್ಕೆ ತಳ್ಳುತ್ತಾ ಕೂತಳು. ಅವನು ಉಸಿರನ್ನೂ ಅಪರಿಚಿತರ ಹಾಗೆ ಬಿಡಲು ಪ್ರಯತ್ನಿಸಿದ.

"ಅಪ್ಪ, ಅಮ್ಮಂಗೆ ಹೇಳಿದೀಯಾ?" ಎಂದು ಅವಳು ಫೋನಿನಿಂದ ತಲೆ ಎತ್ತದೆ ಕೇಳಿದಳು.

ಪತ್ರಿಕೆ ತಾನಾಗಿ ಕೆಳಗಿಳಿಯಿತು. ಇಲ್ಲ ಎಂದ. ನೀನು ಹೇಳಿದೀಯಾ ಎಂದು ಕೇಳಿದ. ಅವಳೂ ಇಲ್ಲ ಎಂದಳು. ಅಪ್ಪ ಮಗಳು ಒಂದು ಕ್ಷಣ ಎದುರಿನ ಗೋಡೆಯ ಮೇಲೆ ಮಂದಹಾಸ ಬೀರುತ್ತಿದ್ದ ಕಲೆಯಿಲ್ಲದ ಹೆಂಗಸಿನ ದೊಡ್ಡ ಚಿತ್ರವನ್ನು ನೋಡುತ್ತಾ ಕೂತರು. ಟ್ಯೂಷನ್ ತಪ್ಪಿಸಿದ್ದು ಯಾಕೆ ಎಂದು ಗದರಿಸಲು ಅವನು ಬಾಯಿ ತೆರೆದ. ತುಟಿ ಸಹಕರಿಸದೆ ಮಾತು ಅರ್ಧ ಗಾಳಿಯಾಗಿ, ಅರ್ಧ ಜೊಲ್ಲಾಗಿ ಹೊರಬಂತು. ಹಾಗೆ ಗದರಿಸಿಕೊಂಡವಳು ನಗು ತಡೆಯಲು ಕೆಳಗೆ ನೋಡಿದಳು. ಅವಳು ಬಂದ ಕಾರಣ ಅವನದೇ: ಗುಳಿ ಬೀಳುವ ಮುಂಚೆಯೇ ಲೇಸರ್ ಮಾಡಿಸಿಬಿಟ್ಟರೆ ಹೇಗೆ ಎಂದು ಕೇಳಿಕೊಂಡು ಹೋಗಲು. ಫೋನಿನಲ್ಲಿ ಎಲ್ಲ ಓದಿಕೊಂಡು ಬಂದಿದ್ದಳು, ಅಪ್ಪನನ್ನು ಪರೀಕ್ಷೆಗೆ ಕೂರಿಸಿದವಳಂತೆ ಒಂದೊಂದಾಗಿ ಕೇಳತೊಡಗಿದಳು. ಬಿಸಿಲಿನ ವಿಷಯ ಹೇಳಿದೆಯಾ? ಮುಖ ಕೆಂಪಗಿರುತ್ತೆ, ನಾಳೆ ರಸ್ತೆ ಕೆಲಸಕ್ಕೆ ಹೋಗೋ ಹಾಗಿಲ್ಲ, ರಜೆ ಹಾಕಿದೀಯಾ? ರಜೆಯ ಯೋಚನೆಯೇ ಅವನಿಗೆ ಬಂದಿರಲಿಲ್ಲ. ನಾಳೆ ಬೆಳಿಗ್ಗೆ ಸೇತುವೆಯ ಹತ್ತಿರ ಜಲ್ಲಿ ಬರುವುದಿತ್ತು.

"ಮಾವನ ಕ್ರೀಮಿನ ವಿಷಯ ಹೇಳಿದ್ಯಾ?"

ಯಾವ ಕ್ರೀಮು ಎಂದು ಕೇಳಲು ಹೊರಟವನು ಅವಳ ಮುಖ ನೋಡಿದ. ಎಷ್ಟೋ ದಿನಗಳಿಂದ ಫ್ರಿಜ್ಜನ್ನೇ ನೋಡಿ ಊಟ ಮಾಡಿದವನು ಈಗ ಈ ಟ್ಯೂಬ್‌ಲೈಟಿನಲ್ಲಿ ಮಗಳ ಮುಖವನ್ನು ಸರಿಯಾಗಿ ನೋಡಿದ. ಗಲ್ಲದ ಮೇಲಷ್ಟೇ ಇದ್ದ ಮೊಡವೆಗಳು ಕೆನ್ನೆಗೆ ಹತ್ತಿದ್ದವು, ಹಣೆಗೂ ಹೋಗಿದ್ದವು. ಚರ್ಮ ತೆಳ್ಳಗೆ, ಕೆಂಪಗೆ, ಒಂದು ಥರ ಹೊಳೆಯುತ್ತಿತ್ತು. ಆ ಹೊಳಪು ಅವನಿಗೆ ಗೊತ್ತಿತ್ತು.

"ನಾನೂ ಅದನ್ನೇ ಹಚ್ಕೊಳ್ತಿದ್ದೆ," ಎಂದಳು. "ನೀನು ಬಚ್ಚಿಟ್ಟಿದ್ದೆ ಅಂದ್ರೆ ಅದು ಚೆನ್ನಾಗೇ ಇರ್ಬೇಕು ಅನ್ಕೊಂಡೆ."

ಮೊದಲು ಎರಡು ದಿನ ಕಡಿಮೆಯಾದ ಹಾಗೆ ಅನ್ನಿಸಿತು, ಆಮೇಲೆ ಜಾಸ್ತಿಯಾಯಿತು, ಅದಕ್ಕೇ ಇನ್ನೂ ಜಾಸ್ತಿ ಹಚ್ಚಿದೆ ಎಂದು ಅವಳು ಮೆಲ್ಲಗೆ ಹೇಳುತ್ತಿದ್ದಳು. ಎರಡನೆಯ ಟ್ಯೂಬನ್ನು ತಂದಿಟ್ಟ ಕೈ ಈಗ ಬಾಣಂತಿಯ ಪತ್ರಿಕೆಯನ್ನು ಸುರುಳಿ ಸುತ್ತುತ್ತಿತ್ತು. ಅಂಥ ಕ್ರೀಮುಗಳಲ್ಲಿ ಏನೇನೋ ಬೆರೆಸಿರುತ್ತಾರಂತೆ, ಡಾಕ್ಟರು ಬರೆದುಕೊಡದೆ ಹಚ್ಚಬಾರದಂತೆ, ನಿನ್ನೆ ಓದಿದ ಮೇಲೆ ಭಯವಾಗಿ, ತಡಮಾಡದೆ ಇವತ್ತೇ ಬಂದೆ ಎಂದಳು. ಹೇಳಿದರೆ ಡಾಕ್ಟರು ಬೈಯುತ್ತಾರೆ. ಅಮ್ಮನನ್ನು ಕರೆಸುತ್ತಾರೆ. ಅವಳು ಉಗುರನ್ನು ಗಲ್ಲದ ಒಂದು ಮೊಡವೆಯ ಅಂಚಿಗೆ ಒತ್ತಿ, ತಾನು ಒತ್ತುತ್ತಿರುವುದು ತನಗೇ ಗೊತ್ತಿಲ್ಲದಂತೆ ಕೇಳಿದಳು: "ನಾನು ಏನೂ ಹಚ್ಚಿಲ್ಲ ಅಂತಾನೇ ಹೇಳ್ಲಾ ಅಪ್ಪ? ನೀನೇನು ಹೇಳ್ದೆ?"

ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ಹೇಳಿದ್ದೇನೆ, ನೀನೂ ಹೇಳು ಎಂದು ಒಂದು ಮಾತು ಅಂದಿದ್ದರೆ ಇವತ್ತಿನ ನಾಲ್ಕನೆಯದೋ ಐದನೆಯದೋ ಸುಳ್ಳಿನಲ್ಲಿ ಅವಳ ಮುಖವೂ ಉಳಿಯುತ್ತಿತ್ತು, ಅವನ ಲೇಸರೂ ಉಳಿಯುತ್ತಿತ್ತು. ಆದರೆ ಮಗಳ ಉಗುರು ಗಲ್ಲದ ಮೇಲಿತ್ತು. ಬಚ್ಚಲಿನ ಬಾಗಿಲಿನ ಆಚೆ ನಿಂತ ಅಮ್ಮನಿಗೆ ಆಗ ಹೇಗಾಗಿತ್ತೋ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು. ಅವಳ ಮಣಿಕಟ್ಟು ಹಿಡಿದು ಕೈ ಕೆಳಗಿಳಿಸಿ, ಬಾ ಎಂದು ಎದ್ದ. ಕೌಂಟರಿನವಳು ಸಾರ್, ಸಾರ್, ಒಳಗೆ ಪೇಷಂಟ್ ಇದ್ದಾರೆ ಎಂದಳು. ಪ್ಲಾಸ್ಟಿಕ್ಕಿನೊಳಗಿನಿಂದ ಅವನು ಹೊರಡಿಸಿದ ಸದ್ದಿಗೆ ಅವಳೇ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಪೇಷಂಟ್ ಇರಲಿಲ್ಲ, ಡಾಕ್ಟರು ತಿಂಡಿ ಡಬ್ಬಿ ತೆರೆದುಕೊಂಡು ಕೂತಿದ್ದರು. ಬಾಗಿಲಲ್ಲಿ ನಿಂತ ಬಿಳಿ ಮುಖವನ್ನು ಕಂಡು ತುತ್ತು ಕೈಯಲ್ಲೇ ಉಳಿಯಿತು.

"ಹಿಂದೆ ಕೆಲಸ ಆಗಿದೆ," ಎಂದ ಅವನು. ಬಾಯಿ ಸಹಕರಿಸಲಿಲ್ಲ, ಡಾಕ್ಟರಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ. ಇಲಾಖೆಯ ಚರಿತ್ರೆಯಲ್ಲೇ ಯಾರೂ ಒಂದು ಸಲ ಹೇಳದ ಮಾತನ್ನು ಅವನು ಮೂರು ಸಲ ಹೇಳಬೇಕಾಯಿತು, ಕೊನೆಯ ಸಲ ಮಗಳು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದಳು. ಮಾವನ ಕ್ರೀಮು, ಎರಡು ಟ್ಯೂಬು, ಇಬ್ಬರೂ. ಬಿಸಿಲು, ದಿನಾ. ಹಣೆಯ ಗೆರೆ ಹೆಲ್ಮೆಟ್ಟಿನದು, ಮನೆತನದ್ದಲ್ಲ ಎಂಬುದನ್ನೂ ಅವನು ಸೇರಿಸಿದ. ಆ ಕೊನೆಯ ಮಾತು ಯಾಕೋ ಎಲ್ಲಕ್ಕಿಂತ ಕಷ್ಟವಾಯಿತು. ಡಾಕ್ಟರು ಡಬ್ಬಿ ಮುಚ್ಚಿ, ಕೈ ತೊಳೆದು, ಬೈದರು. ಬೈಗುಳದಲ್ಲಿ ಕೂಗಾಟವಿರಲಿಲ್ಲ, ಅದರಿಂದ ಇನ್ನೂ ಹೆಚ್ಚು ತಾಗಿತು. ಈ ಚರ್ಮದ ಮೇಲೆ, ಈ ಬಿಸಿಲಿನ ಬಣ್ಣದ ಮೇಲೆ ಇವತ್ತು ಲೇಸರ್ ಹಿಡಿದಿದ್ದರೆ ಮುಖದ ತುಂಬ ಕಪ್ಪು ಚೌಕಳಿ ಬಿದ್ದಿರುತ್ತಿತ್ತು, ಆಮೇಲೆ ನೀವು ನನ್ನನ್ನು ಕೇಳುತ್ತಿದ್ದಿರಿ ಎಂದರು. ಕೇಳುತ್ತಿದ್ದೆ ಎಂದು ಅವನು ಒಪ್ಪಿಕೊಂಡ. ಅವನಿಗೆ ಲೇಸರ್ ಈಗ ಇಲ್ಲ. ಕ್ರೀಮು ನಿಲ್ಲಬೇಕು, ಬಿಸಿಲಿನ ಬಣ್ಣ ಇಳಿಯಬೇಕು, ಕೆಲವು ತಿಂಗಳಾದ ಮೇಲೆ ಬನ್ನಿ, ನೋಡೋಣ.

ಆಮೇಲೆ ಡಾಕ್ಟರು ಮಗಳನ್ನು ಕೂರಿಸಿ, ದೀಪ ಹತ್ತಿರ ಎಳೆದು, ಬಹಳ ಹೊತ್ತು ನೋಡಿದರು. ಅವನು ನಿಂತೇ ಇದ್ದ. ಮೇಲಿನ ಸಾಹೇಬರು ಅವನ ರಸ್ತೆಯ ಮೇಲೆ ಮಂಡಿಯೂರಿ ನೋಡುವಾಗಲೂ ಇಷ್ಟು ಹೆದರಿದ್ದು ನೆನಪಿಲ್ಲ. ಗುಳಿ ಇನ್ನೂ ಬಿದ್ದಿಲ್ಲ ಎಂದರು ಡಾಕ್ಟರು. ಮೊಡವೆ ಏಳುತ್ತಿರುವಾಗ ಲೇಸರಿನ ಮಾತೇ ಬೇಡ, ಮೊದಲು ಅದು ವಾಸಿಯಾಗಬೇಕು, ಔಷಧಿ ಬರೆದುಕೊಡುತ್ತೇನೆ. ಆ ಕ್ರೀಮು ಬಿಟ್ಟ ಮೇಲೆ ಕೆಲವು ವಾರ ಇನ್ನೂ ಜಾಸ್ತಿಯಾಗುತ್ತದೆ, ಹೆದರಿ ಮತ್ತೆ ಅದಕ್ಕೇ ಹೋಗಬೇಡ, ಬಿಸಿಲಿಗೆ ಹೋಗುವಾಗ ಇದನ್ನು ಹಚ್ಚು. "ಇಷ್ಟು ಬೇಗ ಬಂದದ್ದು ಒಳ್ಳೇದಾಯ್ತು. ಉಗುರು ಮಾತ್ರ ಹಚ್ಚಬೇಡ," ಎಂದರು. ಅಲ್ಲಿಯವರೆಗೆ ನಿಂತೇ ಇದ್ದವನು ಆಗ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬಾ ಎಂದದ್ದಕ್ಕೆ ಮಾತ್ರ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಮುಖ ತೊಳೆಸಲು ನರ್ಸು ಪಕ್ಕದ ಕೋಣೆಗೆ ಕರೆದೊಯ್ದು, ಮಂಚದ ಮೇಲೆ ಕೂರಿಸಿ, ಪ್ಲಾಸ್ಟಿಕ್ ಕಿತ್ತಳು. ಬಟ್ಟಲಲ್ಲಿ ನೀರು, ಹತ್ತಿಯ ಉಂಡೆಗಳು ಕೊಟ್ಟು, ಹೊರಗೆ ಯಾರೋ ಕರೆದರೆಂದು ಹೋದಳು. ಕನ್ನಡಿ ಎಲ್ಲಿದೆ ಎಂದು ಅವನು ಹುಡುಕಲೂ ಇಲ್ಲ. ಮಗಳು, ಇರಪ್ಪ, ನಾನು ಒರೆಸ್ತೀನಿ ಎಂದಳು. ತಲೆಯ ಮೇಲೆ ಸರಿಯಾಗಿ ಟ್ಯೂಬ್‌ಲೈಟು ಇತ್ತು. ಅವನು ಎಂದಿನ ಅಭ್ಯಾಸದಂತೆ ಮುಖವನ್ನು ಎಡಕ್ಕೆ ತಿರುಗಿಸಿದ, ಅವಳು ಗಲ್ಲ ಹಿಡಿದು ನೇರ ಮಾಡಿದಳು. ಅವನು ಕಣ್ಣು ಮುಚ್ಚಿಕೊಂಡ. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾಗುವುದಿಲ್ಲ ಎಂದು ಅನ್ನಿಸಿ, ಮುಚ್ಚಿದ ಕಣ್ಣಿನಲ್ಲೇ, ತೊದಲುವ ಬಾಯಲ್ಲೇ ಕೇಳಿದ: ಆವತ್ತು ಅಡುಗೆಮನೆಯಲ್ಲಿ ನೀನು ಅಮ್ಮನ ಹತ್ತಿರ ಅಂದದ್ದು ಕೇಳಿಸಿತು, ನನ್ನ ಮುಖ ಕಂಡರೆ ನಿನಗೆ ಅಷ್ಟು ಭಯವೇ?

ಇಲ್ಲ ಎನ್ನುತ್ತಾಳೆ ಎಂದು ಅವನು ಕಾಯುತ್ತಿದ್ದ.

"ನಂಗೆ ಹಾಗಾದ್ರೆ ಅಂತ ಭಯ ಇದೆ," ಎಂದಳು. "ನಿನ್ನ ಮುಖ ನೋಡಿದ್ರೆ ಏನೂ ಅನ್ಸಲ್ಲ ಅಪ್ಪ. ಅದು ನಿನ್ನ ಮುಖ. ನೀನು ಫ್ರಿಜ್ ನೋಡ್ಕೊಂಡು ಊಟ ಮಾಡೋದು ನೋಡಿದ್ರೆ ಅನ್ಸುತ್ತೆ. ನಾನೂ ಮುಂದೆ ಹಾಗೆ ಕೂತ್ಕೋಬೇಕಾ ಅಂತ."

ಅವನ ಕೆನ್ನೆ ಮರಗಟ್ಟಿತ್ತು, ಮುಖದಲ್ಲಿ ಅಳುವುದಕ್ಕೆ ಬೇಕಾದ ಸಲಕರಣೆ ಒಂದೂ ಕೆಲಸ ಮಾಡುತ್ತಿರಲಿಲ್ಲ. ನಾಳೆಯಿಂದ ಹಾಗೆ ಕೂರುವುದಿಲ್ಲ ಎಂದಷ್ಟೇ ಹೇಳಿದ. ಆಮೇಲೆ ಮಾತು ಬದಲಿಸಲು, ಸರಿ, ಒರೆಸು, ಮನೆಗೆ ಹೋಗಬೇಕು ಎಂದ.

"ಆಗ್ಲೇ ಒರೆಸಿ ಆಯ್ತಲ್ಲ," ಎಂದಳು ಮಗಳು.

ಕಣ್ಣು ಬಿಟ್ಟ. ಬಟ್ಟಲಿನ ನೀರು ಬೆಳ್ಳಗಾಗಿತ್ತು, ಪಕ್ಕದಲ್ಲಿ ಒದ್ದೆ ಹತ್ತಿಯ ಗುಡ್ಡೆ ಬಿದ್ದಿತ್ತು. ಹಣೆ, ಎರಡೂ ಕೆನ್ನೆ, ಗಲ್ಲ, ಅಷ್ಟನ್ನೂ ಅವಳು ಒರೆಸಿ ಮುಗಿಸಿದ್ದಳು. ಅವನಿಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಮಾತು ಬರುವ ಮುಂಚಿನ ದಿನಗಳಲ್ಲಿ ಅವಳು ಅವನ ತೊಡೆಯ ಮೇಲೆ ನಿಂತು, ಕೆನ್ನೆಯ ಒಂದೊಂದು ಗುಳಿಗೂ ತೋರುಬೆರಳು ಇಟ್ಟು, ಬೆರಳಿಗೆಂದೇ ಮಾಡಿಸಿದ ಜಾಗ ಸಿಕ್ಕಿತೆಂಬಂತೆ ನಗುತ್ತಿದ್ದಳು. ಅದಾದ ಮೇಲೆ ಈ ಮುಖವನ್ನು ಅವಳು ಮುಟ್ಟಿದ್ದು ಇವತ್ತೇ ಇರಬೇಕು. ಅದು ಬಂದು, ಮುಗಿದು, ಹತ್ತಿಯ ಗುಡ್ಡೆಯಾಗಿ ಪಕ್ಕದಲ್ಲಿ ಬಿದ್ದಿತ್ತು.

"ಕಿವಿ ಹತ್ರ ಇನ್ನೂ ಸ್ವಲ್ಪ ಉಳಿದಿದೆ ಅನ್ಸುತ್ತೆ, ನೋಡು," ಎಂದ.

"ಎಲ್ಲೂ ಇಲ್ಲಪ್ಪ."

"ಇದೆ. ನಂಗೆ ಗೊತ್ತಾಗ್ತಾ ಇದೆ," ಎಂದ, ಕೆನ್ನೆ ಇದೆಯೋ ಇಲ್ಲವೋ ಎಂಬುದೂ ಗೊತ್ತಾಗದ ಮನುಷ್ಯ.

ಮಗಳು ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೊಸ ಹತ್ತಿಯ ಉಂಡೆಯೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಅವನ ಕಿವಿಯ ಬುಡದಿಂದ ಮತ್ತೆ ಶುರು ಮಾಡಿದಳು. ಈ ಸಲ ಅವನು ಕಣ್ಣು ಮುಚ್ಚಲಿಲ್ಲ.